ಡ್ಯಾಂಪಿಂಗ್ ಎಂಬ ಒಂದೇ ಮಾತ್ರೆ

ಕಾರಿನೊಳಗೆ ಸದ್ದು ಜಾಸ್ತಿ ಎಂದು ಆಕ್ಸೆಸರೀಸ್ ಅಂಗಡಿಯ ಮುಂದೆ ಹೋಗಿ ನಿಂತವರಿಗೆ ಸಿಗುವ ಉತ್ತರ ಒಂದೇ: ‘ಡ್ಯಾಂಪಿಂಗ್ ಮಾಡಿಸಿಬಿಡಿ ಸರ್.’ ಮುಂಬೈಯಲ್ಲಿ ಅದನ್ನು ಹಿಂದಿಯಲ್ಲಿ ಹೇಳುತ್ತಾರೆ, ಚೆನ್ನೈಯಲ್ಲಿ ತಮಿಳಿನಲ್ಲಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಯಾವ ಸದ್ದು, ಯಾವ ವೇಗದಲ್ಲಿ, ಎಂಥ ರಸ್ತೆಯಲ್ಲಿ, ಟೈರಿಗೆ ಎಷ್ಟು ವರ್ಷವಾಯಿತು ಎಂದು ಕೇಳುವವರಿಲ್ಲ. ನಾಡಿ ಹಿಡಿಯದೆ, ನಾಲಗೆ ನೋಡದೆ, ಬಂದವರಿಗೆಲ್ಲ ಒಂದೇ ಮಾತ್ರೆ ಕೊಡುವ ಡಾಕ್ಟರನ್ನು ಊರಿನವರು ಎರಡೇ ತಿಂಗಳಲ್ಲಿ ಗುರುತಿಸುತ್ತಾರೆ. ಕಾರಿನ ವಿಷಯದಲ್ಲಿ ಮಾತ್ರ ಈ ಮಾತ್ರೆಗೆ ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ಎಣಿಸಿ ಕೊಟ್ಟು, ಗುಣವಾಯಿತು ಎಂದು ನಂಬಿಕೊಂಡು ಮನೆಗೆ ಬರುತ್ತಾರೆ.

ದುಡ್ಡು ಇದ್ದವರು ಏನು ಬೇಕಾದರೂ ಮಾಡಿಸಿಕೊಳ್ಳಲಿ. ಇಲ್ಲಿ ಮಾತು ದುಡ್ಡು ಎಣಿಸಿ ಖರ್ಚು ಮಾಡುವವರದು. ಪುಣೆಯಲ್ಲೋ ಹೈದರಾಬಾದಿನಲ್ಲೋ ಬಾಡಿಗೆ ಮನೆ, ಹತ್ತು ವರ್ಷ ಹಳೆಯ ಪುಟ್ಟ ಹ್ಯಾಚ್‌ಬ್ಯಾಕ್, ದೀಪಾವಳಿಗೆ ಹುಬ್ಬಳ್ಳಿಗೆ ಒಂದು ಸಲ, ಬೇಸಿಗೆ ರಜೆಗೆ ಕುಂದಾಪುರಕ್ಕೆ ಒಂದು ಸಲ. ಏಳೆಂಟು ಗಂಟೆ ಆ ಡಬ್ಬಿಯೊಳಗೆ ಕೂತು ಇಳಿದಾಗ ತಲೆ ಗಿಂ ಎನ್ನುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಅತ್ತೆ ಕೇಳಿದ ಪ್ರಶ್ನೆಗೆ ಮುಂದಿನ ಸೀಟಿನಿಂದ ಮೂರು ಸಲ ‘ಆಂ?’ ಎನ್ನಬೇಕು. ಇಂಥವರ ಹತ್ತಿರ ಕಾರಿನ ಸದ್ದಿಗೆ ಎಂದು ಎತ್ತಿಡಬಹುದಾದ ದುಡ್ಡು ನಾಲ್ಕೈದು ಸಾವಿರ. ಆ ಐದು ಸಾವಿರಕ್ಕೆ ‘ನಾಲ್ಕು ಬಾಗಿಲು ಮಾತ್ರ ಮಾಡಿಸಿ’ ಎಂಬ ಸಲಹೆ ಕೊಡುವುದು ಅವರ ಮೇಲೆ ಮಾಡುವ ಅನ್ಯಾಯ. ಅಷ್ಟೇ ದುಡ್ಡಿಗೆ, ಎಷ್ಟೋ ಸಲ ಅದಕ್ಕಿಂತ ಕಡಿಮೆಗೆ, ನಿಜವಾಗಿ ಇಳಿಸಬಹುದಾದ ಸದ್ದು ಬೇರೆ ಕಡೆ ಕೂತಿರುತ್ತದೆ.

ಮೊದಲ ಗೊಂದಲ ಶುರುವಾಗುವುದು ‘ಸೌಂಡು’ ಎಂಬ ಪದದಿಂದ. ಇಂಗ್ಲಿಷಿನಿಂದ ಬಂದ ಈ ಒಂದು ಪದ ಗ್ಯಾರೇಜಿನಲ್ಲಿ ಎಲ್ಲ ಸದ್ದುಗಳನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದೆ. ಕನ್ನಡಕ್ಕೆ ಅದರ ಅಗತ್ಯವೇ ಇರಲಿಲ್ಲ. ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದಿ ಪರೀಕ್ಷೆ ಮುಗಿಸಿ ಮರೆತ ಪದಗಳೇ ಕಾರಿನ ರೋಗ ಹೇಳಲು ಸಾಕು. ಗುಂಯ್, ಸುಂಯ್, ಗಡಗಡ, ಕಟಕಟ, ಕಿರಕಿರ, ಜಣಜಣ. ಒಂದೊಂದಕ್ಕೂ ಬೇರೆ ಬೇರೆ ತಾಯಿ, ಬೇರೆ ಬೇರೆ ಮದ್ದು.

ವೇಗದ ಜೊತೆ ಏರುವ, ಡಾಂಬರು ರಸ್ತೆಯಲ್ಲಿ ಒಂದು ಥರ, ಕಾಂಕ್ರೀಟಿನ ಮೇಲೆ ಇನ್ನೊಂದು ಥರ ಕೇಳುವ ‘ಗುಂಯ್’ ಟೈರಿನದು. ರಸ್ತೆ ಬದಲಾದರೂ ಬದಲಾಗದೆ, ಸ್ಟಿಯರಿಂಗನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ಒಲಿಸಿದಾಗ ಏರಿಳಿಯುವ ‘ಗುಂಯ್’ ಹೆಚ್ಚಾಗಿ ಚಕ್ರದ ಬೇರಿಂಗಿನದು. ಅದಕ್ಕೆ ಹಾಳೆ ಅಂಟಿಸಿ ಮುಚ್ಚಿಡುವುದು ದುಡ್ಡು ಕಳೆಯುವುದಷ್ಟೇ ಅಲ್ಲ, ಅಪಾಯ ಕೂಡ. 80 ದಾಟಿದ ಮೇಲೆ ಕಿವಿಯ ಪಕ್ಕದಲ್ಲೇ ಹುಟ್ಟುವ ‘ಸುಂಯ್’ ಗಾಳಿಯದು. ಬಾಗಿಲ ರಬ್ಬರಿನ ಸಂದಿನಿಂದ ಬರುತ್ತದೆ. ನಿಂತಾಗಲೂ ಸೀಟನ್ನು ಗಡಗಡ ನಡುಗಿಸುವುದು ಇಂಜಿನ್. ಅಗ್ಗದ ಕಾರುಗಳಲ್ಲಿ ಅನೇಕವು ಮೂರು ಸಿಲಿಂಡರಿನವು, ಸಹಜವಾಗಿಯೇ ತೂಗಾಡುವಂಥವು. ಆ ತೂಗಾಟವನ್ನು ನುಂಗಬೇಕಾದ ರಬ್ಬರ್ ಮೌಂಟಿಂಗ್ ಹತ್ತು ವರ್ಷಕ್ಕೆ ಬಿರುಕು ಬಿಟ್ಟಿದ್ದರೆ ಇಡೀ ಬಾಡಿಯೇ ಡೋಲು. (ಮುಂಬೈ, ದೆಹಲಿಯ ಮೆಕ್ಯಾನಿಕ್ಕುಗಳು ಇದನ್ನು ‘ಫೌಂಡೇಶನ್’ ಎನ್ನುತ್ತಾರೆ. ಕಾರಿಗೂ ತಳಪಾಯ ಇದೆ ಎಂದು ಒಪ್ಪಿದ ಈ ಪದ ಮೌಂಟಿಂಗಿಗಿಂತ ಚೆಂದ.) ಗುಂಡಿಗೆ ಇಳಿದಾಗ ಕಟಕಟ ಎಂದರೆ ಲಿಂಕ್ ರಾಡು, ಬುಷ್ಷು. ಇಂಜಿನ್ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ಜಣಜಣ ಎಂದರೆ ಸೈಲೆನ್ಸರಿನ ಮೇಲಿನ ತಗಡು ಸಡಿಲ. ಡ್ಯಾಶ್‌ಬೋರ್ಡಿನ ಕಿರಕಿರ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕು ಉಜ್ಜುವುದು; ನಡುವೆ ಒಂದು ಚೂರು ಫೆಲ್ಟ್ ಬಟ್ಟೆ ತೂರಿಸಿದರೆ ಮುಗಿಯಿತು.

ಹಳ್ಳಿಯ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗೆ ‘ಎಂಥಾ ಸದ್ದು?’ ಎಂದು ಕೇಳುವ ಅಭ್ಯಾಸ ಇದೆ, ಬಂದವನು ಬಾಯಲ್ಲೇ ಮಾಡಿ ತೋರಿಸುತ್ತಾನೆ. ಆ ಪ್ರಶ್ನೆಯನ್ನು ನಗರದ ಡೆಕೋರ್ ಅಂಗಡಿ ಕೈಬಿಟ್ಟಿರುವುದಕ್ಕೆ ಕಾರಣ ಅಜ್ಞಾನ ಅಲ್ಲ. ಅಂಗಡಿಯಲ್ಲಿ ಇರುವ ಸರಕು ಹಾಳೆ. ಬುಷ್ಷು, ಬೇರಿಂಗು ಅಲ್ಲಿ ಇಲ್ಲ. ಸದ್ದು ಎಲ್ಲಿದೆಯೋ ಅಲ್ಲಿಗೆ ಅವರು ಕೈ ಹಾಕುವುದಿಲ್ಲ, ಲಾಭ ಎಲ್ಲಿದೆಯೋ ಅಲ್ಲಿಗೆ ಹಾಕುತ್ತಾರೆ.

ಹಾಗಾದರೆ ಆ ಹಾಳೆ ಮೋಸವೇ? ಅಲ್ಲ. ಅದು ಏನು ಮಾಡುತ್ತದೆ ಎಂಬುದನ್ನು ಅಡುಗೆಮನೆಯಲ್ಲೇ ನೋಡಬಹುದು. ಊಟದ ಸ್ಟೀಲ್ ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಚಮಚದಿಂದ ಬಡಿದರೆ ಟಣ್ ಎಂದು ಸ್ವಲ್ಪ ಹೊತ್ತು ಹಾಡುತ್ತದೆ. ತಟ್ಟೆಯ ನಡುವೆ ಚಪಾತಿ ಹಿಟ್ಟಿನ ಒಂದು ಉಂಡೆ ಒತ್ತಿ ಅಂಟಿಸಿ ಮತ್ತೆ ಬಡಿದರೆ ಬರುವುದು ಬರೀ ‘ಟಪ್’. ತಗಡಿನ ಕಂಪನವನ್ನು ಹಿಟ್ಟು ತಿಂದುಹಾಕಿತು. ಬ್ಯೂಟೈಲ್ ರಬ್ಬರಿನ ಮೇಲೆ ತೆಳು ಅಲ್ಯೂಮಿನಿಯಂ ಹೊದಿಸಿದ ಡ್ಯಾಂಪಿಂಗ್ ಹಾಳೆ ಮಾಡುವುದೂ ಇಷ್ಟನ್ನೇ. ಗಮನಿಸಬೇಕಾದದ್ದು, ಉಂಡೆ ತಟ್ಟೆಯನ್ನು ಪೂರ್ತಿ ಮುಚ್ಚಿರಲಿಲ್ಲ. ಬಾಗಿಲಿನ ತಗಡಿಗೂ ಅದೇ ಲೆಕ್ಕ: ಹೆಚ್ಚು ನಡುಗುವ ನಡುಭಾಗದಲ್ಲಿ ಕಾಲು ಭಾಗದಷ್ಟು ಮುಚ್ಚಿದರೆ ಸಿಗಬೇಕಾದ ಫಲದ ಬಹುಪಾಲು ಸಿಕ್ಕಿಬಿಡುತ್ತದೆ. ಮೂಲೆಮೂಲೆಗೂ ಬೆಳ್ಳಿಯಂತೆ ಹೊಳೆಯುವಂತೆ ಅಂಟಿಸಿ ತೆಗೆಸಿದ ಫೋಟೊ ಚೆಂದ ಕಾಣುತ್ತದೆ, ಆದರೆ ಉಳಿದ ಮುಕ್ಕಾಲು ಹಾಳೆ ಕಾರಿಗೆ ತೂಕ, ಅಂಗಡಿಗೆ ಬಿಲ್ಲು. ಎರಡು ಮಿಲಿಮೀಟರ್ ದಪ್ಪದ ಹಾಳೆ ಚದರ ಮೀಟರಿಗೆ ಸುಮಾರು ಮೂರು ಕಿಲೋ ತೂಗುತ್ತದೆ. ಇಡೀ ಕಾರಿಗೆ ಬಳಿದರೆ ಶಾಲೆಗೆ ಹೋಗುವ ಒಂದು ಮಗುವನ್ನು ವರ್ಷವಿಡೀ ಡಿಕ್ಕಿಯಲ್ಲಿ ಕೂರಿಸಿಕೊಂಡು ತಿರುಗಿದ ಹಾಗೆ.

ಇನ್ನು ಇದರ ಮಾರಾಟದ ಚಮತ್ಕಾರ. ಅಂಗಡಿಯವನು ಮಾಡಿಸದ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದು ತೋರಿಸುತ್ತಾನೆ, ‘ಟಣ್’. ಮಾಡಿಸಿದ ಬಾಗಿಲನ್ನು ಬಡಿದು ತೋರಿಸುತ್ತಾನೆ, ‘ಧಪ್’. ಬಾಗಿಲು ಹಾಕಿ ತೋರಿಸುತ್ತಾನೆ, ಜರ್ಮನ್ ಕಾರಿನಂಥ ಗಂಭೀರ ಸದ್ದು. ಗಿರಾಕಿಯ ಮುಖ ಅರಳುತ್ತದೆ. ಆದರೆ ಹೆದ್ದಾರಿಯಲ್ಲಿ ಯಾರೂ ಬಾಗಿಲು ಬಡಿಯುತ್ತಾ ಕಾರು ಓಡಿಸುವುದಿಲ್ಲ. ಟೈರಿನ ಗುಂಯ್ ತಳದಿಂದ, ಚಕ್ರದ ಗೂಡಿನಿಂದ, ಸಸ್ಪೆನ್ಷನ್ನಿನ ಕಬ್ಬಿಣದ ಮೂಲಕ ಒಳಗೆ ಬರುತ್ತದೆ. ಗಾಳಿಯ ಸುಂಯ್ ಬಿರುಕಿನಿಂದ ಬರುತ್ತದೆ. ಬಾಗಿಲಿನ ತಗಡು ಹಾಡುವುದನ್ನು ನಿಲ್ಲಿಸಿದರೆ ಇವಕ್ಕೇನೂ ಬೇಜಾರಿಲ್ಲ.

ಡೆಸಿಬೆಲ್ಲಿನ ಲೆಕ್ಕ ಇಲ್ಲಿ ನಿರ್ದಯವಾಗಿದೆ. ಒಂದೇ ಮಟ್ಟದ ಎರಡು ಸದ್ದುಗಳಿದ್ದು, ಒಂದನ್ನು ಬೇರುಸಹಿತ ಕಿತ್ತುಹಾಕಿದರೂ ಒಟ್ಟು ಇಳಿಯುವುದು 3 ಡೆಸಿಬೆಲ್. ಕಿವಿಗೆ ‘ಅರ್ಧವಾಯಿತು’ ಅನ್ನಿಸಬೇಕಾದರೆ ಸುಮಾರು 10 ಇಳಿಯಬೇಕು. ಒಳಗಿನ ಒಟ್ಟು ಸದ್ದಿನ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲು ಬಾಗಿಲ ತಗಡಿನದು ಎಂದಿಟ್ಟುಕೊಂಡರೆ, ಅದನ್ನು ಸಂಪೂರ್ಣ ಸುಮ್ಮನಾಗಿಸಿದ ಮೇಲೂ ಇಳಿಯುವುದು ಅರ್ಧ ಡೆಸಿಬೆಲ್. ಅರ್ಧ ಡೆಸಿಬೆಲ್ಲಿನ ವ್ಯತ್ಯಾಸ ಓಡುವ ಕಾರಿನಲ್ಲಿ ಯಾರ ಕಿವಿಗೂ ಹತ್ತುವುದಿಲ್ಲ. ಹತ್ತಿತು ಎನ್ನುವುದು ಕೊಟ್ಟ ದುಡ್ಡು. ಅನುಮಾನ ಇದ್ದವರು ಫೋನಿನ ಡೆಸಿಬೆಲ್ ಆ್ಯಪಿನಲ್ಲೇ ಅಳೆಯಬಹುದು. ಅದು ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಕಿಲ್ಲ, ಆದರೆ ಅದೇ ಫೋನು, ಅದೇ ಜಾಗ, ಅದೇ ರಸ್ತೆ, ಅದೇ ವೇಗ ಇಟ್ಟುಕೊಂಡು ಮೊದಲು ಮತ್ತು ಆಮೇಲೆ ಅಳೆದರೆ ಹೋಲಿಕೆಗೆ ಸಾಕು. ಹೀಗೆ ಅಳೆದು ತೋರಿಸಿ ಎಂದು ಅಂಗಡಿಯಲ್ಲಿ ಕೇಳಿದರೆ ಮಾತು ತಟ್ಟನೆ ಕ್ವಾಲಿಟಿ, ವಾರಂಟಿ, ಹಬ್ಬದ ಆಫರಿನ ಕಡೆಗೆ ತಿರುಗುತ್ತದೆ.

ದುಡ್ಡು ಕಡಿಮೆ ಇರುವವರ ನಿಜವಾದ ಶತ್ರು ತೂತು. ಧ್ವನಿಶಾಸ್ತ್ರದಲ್ಲಿ ಒಂದು ಸರಳ ಲೆಕ್ಕ ಇದೆ: ಎಷ್ಟೇ ದಪ್ಪದ, ಎಷ್ಟೇ ದುಬಾರಿ ಗೋಡೆ ಕಟ್ಟಿದರೂ ಅದರ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲು ತೂತು ಉಳಿದರೆ, ಆ ಗೋಡೆ 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಅಂದರೆ ತೂತು ಬಿಟ್ಟು ಗೋಡೆಗೆ ಸುರಿದ ದುಡ್ಡೆಲ್ಲ ತೂತಿನ ಮೂಲಕವೇ ಹೊರಗೆ. ಹಳೆಯ ಕಾರಿನಲ್ಲಿ ತೂತುಗಳಿಗೆ ಬರವಿಲ್ಲ, ಅವುಗಳಲ್ಲಿ ಬಹಳಷ್ಟನ್ನು ಕಾರಿನ ಕಂಪನಿ ಅಲ್ಲ, ಆಮೇಲೆ ಕೈ ಹಾಕಿದವರು ಮಾಡಿರುತ್ತಾರೆ. ಪವರ್ ವಿಂಡೋ ಕೆಟ್ಟಾಗ ಬಾಗಿಲಿನ ಒಳಹೊದಿಕೆ ಬಿಚ್ಚಿದ ಮೆಕ್ಯಾನಿಕ್, ಅದರ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡುತ್ತಾನೆ. ‘ಅದು ಬೇಡ ಸರ್, ಧೂಳಿಗೆ ಹಾಕಿರ್ತಾರೆ.’ ಅದು ನೀರನ್ನೂ ತಡೆಯುತ್ತಿತ್ತು, ಬಾಗಿಲ ಹೊಟ್ಟೆಯೊಳಗೆ ಸುತ್ತುವ ಸದ್ದನ್ನೂ ತಡೆಯುತ್ತಿತ್ತು. ಮ್ಯೂಸಿಕ್ ಸಿಸ್ಟಮ್ಮಿಗೋ ಜೋರು ಹಾರನ್ನಿಗೋ ವೈರ್ ಎಳೆದವನು ಇಂಜಿನ್ ಕೋಣೆಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ರಬ್ಬರ್ ಬಿರಡೆ ತೆಗೆದು ಎಸೆದಿರುತ್ತಾನೆ. ಆ ತೂತಿನಿಂದ ಇಂಜಿನ್ನು ನೇರವಾಗಿ ಮೊಣಕಾಲಿನ ಹತ್ತಿರ ಕೂತು ಮಾತಾಡುತ್ತದೆ. ಒಂದು ಬಿರಡೆ, ಒಂದು ಮೀಟರ್ ದಪ್ಪ ಪ್ಲಾಸ್ಟಿಕ್ಕು, ಒಂದು ಸುರುಳಿ ಬ್ಯೂಟೈಲ್ ಟೇಪು, ಭಾನುವಾರದ ಅರ್ಧ ದಿನ. ಇಡೀ ಖರ್ಚು ಕೆಲವು ನೂರು ರೂಪಾಯಿ.

ಬಾಗಿಲ ಸುತ್ತ ಇರುವ ರಬ್ಬರ್ ಬೀಡಿಂಗಿಗೆ ಒಂದು ಹತ್ತು ರೂಪಾಯಿ ನೋಟಿನ ಪರೀಕ್ಷೆ ಸಾಕು. ಬಾಗಿಲ ಸಂದಿಯಲ್ಲಿ ನೋಟು ಇಟ್ಟು ಬಾಗಿಲು ಹಾಕಿ ಎಳೆಯಬೇಕು. ಬಿಗಿಯಾಗಿ ಹಿಡಿದುಕೊಂಡರೆ ಸರಿ. ಬೆಣ್ಣೆಯಲ್ಲಿ ಕೂದಲು ಎಳೆದಂತೆ ಬಂದರೆ ಅಲ್ಲಿ ಗಾಳಿಗೆ ದಾರಿ ಇದೆ. ನಾಲ್ಕು ಬಾಗಿಲಿಗೂ ಸುತ್ತಲೂ ಹೀಗೆ ನೋಡುತ್ತಾ ಹೋದರೆ ಅಪರಾಧಿ ಸಿಕ್ಕುತ್ತಾನೆ. ಎಷ್ಟೋ ಸಲ ಬೀಡಿಂಗ್ ಚೆನ್ನಾಗಿಯೇ ಇರುತ್ತದೆ, ಒಣಗಿರುತ್ತದೆ ಅಷ್ಟೇ. ತೊಳೆದು ಸಿಲಿಕೋನ್ ಗ್ರೀಸ್ ಸವರಿದರೆ ಜೀವ ಬರುತ್ತದೆ. ಇಲ್ಲವೇ ಬಾಗಿಲು ಕಚ್ಚಿಕೊಳ್ಳುವ ಕೊಂಡಿಯನ್ನು ಕೂದಲೆಳೆಯಷ್ಟು ಒಳಕ್ಕೆ ಸರಿಸಿದರೆ ಬಾಗಿಲು ಬಿಗಿಯಾಗಿ ಕೂರುತ್ತದೆ. ಇದಕ್ಕೆ ಬಿಲ್ಲು ಹಾಕಲು ಮೆಕ್ಯಾನಿಕ್ಕಿಗೇ ನಾಚಿಕೆಯಾಗುತ್ತದೆ, ಆದ್ದರಿಂದಲೇ ಯಾರೂ ಇದನ್ನು ಮಾಡಲು ಮುಂದೆ ಬರುವುದಿಲ್ಲ.

ಆಮೇಲೆ ಟೈರು. ಒಂದೇ ವೇಗದಲ್ಲಿ ಓಡುವಾಗ, ಗಂಟೆಗೆ 40–50 ಕಿ.ಮೀ. ದಾಟಿದ ಮೇಲೆ ಇಂಜಿನ್ನಿಗಿಂತ ಟೈರಿನದೇ ದೊಡ್ಡ ಬಾಯಿ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟಿನ ಮೇಲೆ ಹೋದವರಿಗೆ, ಅಲ್ಲಿಂದ ಇಳಿದು ಡಾಂಬರಿಗೆ ಸೇರಿದ ಗಳಿಗೆಯಲ್ಲಿ ಕಾರೊಳಗೆ ಹಠಾತ್ತಾಗಿ ಮೂಡುವ ಮೌನ ಗೊತ್ತು. ಕಾರು ಅದೇ, ಬದಲಾದದ್ದು ರಸ್ತೆ. ಹಾಗಾಗಿ ಸದ್ದಿಗೆ ಎಂದು ಕೂಡಿಟ್ಟ ದುಡ್ಡಿದ್ದರೆ, ಹೇಗೂ ಆರು ತಿಂಗಳಲ್ಲೋ ವರ್ಷದಲ್ಲೋ ಟೈರು ಬದಲಿಸಬೇಕಾಗಿದ್ದರೆ, ಆ ದುಡ್ಡನ್ನು ಟೈರಿನ ಖಾತೆಗೆ ಸೇರಿಸಿ ಸದ್ದು ಕಡಿಮೆ ಇರುವ ಟೈರು ಕೊಳ್ಳುವುದು ಬುದ್ಧಿವಂತಿಕೆ. ಅಲ್ಲಿಯ ತನಕ ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟೇ ಗಾಳಿ. ‘ಹೈವೇಗೆ ನಲವತ್ತು ಹಾಕಿದೀನಿ’ ಎನ್ನುವ ಗಾಳಿಯಂಗಡಿಯ ಹುಡುಗನ ಉದಾರತೆಯಿಂದ ಟೈರು ಕಲ್ಲಾಗಿ, ರಸ್ತೆಯ ಒಂದೊಂದು ಹರಳನ್ನೂ ಒಳಕ್ಕೆ ವರದಿ ಮಾಡುತ್ತದೆ.

ಆದರೆ ಸದ್ದು ಕಡಿಮೆ ಇರುವ ಟೈರು ಯಾವುದು ಎಂದು ತಿಳಿಯುವುದು ಹೇಗೆ? ಯುರೋಪಿನಲ್ಲಿ 2012ರಿಂದ ಪ್ರತಿ ಟೈರಿನ ಚೀಟಿಯ ಮೇಲೆ ಅದು ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎಂದು ಮುದ್ರಿಸಬೇಕು. ಅದು ಹೊರಗೆ ಅಳೆದ ಅಂಕಿ, ಒಳಗಿನದಲ್ಲ, ಆದರೂ ಎರಡು ಟೈರುಗಳ ನಡುವೆ ಆರಿಸಲು ಒಂದು ಹಿಡಿಕೆ. ಭಾರತದಲ್ಲೂ ಟೈರಿನ ಉರುಳು ಸದ್ದಿಗೆ ಮಿತಿ ಹಾಕುವ ಎಐಎಸ್-142 ಎಂಬ ಮಾನದಂಡವನ್ನು ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ಅಧಿಸೂಚಿಸಿತು. ಮಿತಿ ಕಾಗದದಲ್ಲಿದೆ. ಕೌಂಟರಿನಲ್ಲಿ ನಿಂತ ಗಿರಾಕಿಗೆ ಬೇಕಾದದ್ದು ಅಂಕಿ, ಅಲ್ಲಿ ಸಿಗುವುದು ‘ಇದು ಸಾಫ್ಟ್ ಕಾಂಪೌಂಡು, ಸೈಲೆಂಟ್ ಇರತ್ತೆ’ ಎಂಬ ಬಾಯಿಮಾತು. ಕಾರಿನ ಬ್ರೋಷರಿನಲ್ಲೂ ಹಾಗೆಯೇ. ಮೈಲೇಜು ಪಾಯಿಂಟಿನ ಮುಂದೆ ಎರಡು ಅಂಕೆಯವರೆಗೆ ಇರುತ್ತದೆ, ಡಿಕ್ಕಿ ಎಷ್ಟು ಲೀಟರು ಎಂದು ಇರುತ್ತದೆ, 80ರ ವೇಗದಲ್ಲಿ ಚಾಲಕನ ಕಿವಿಯ ಹತ್ತಿರ ಎಷ್ಟು ಸದ್ದು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಅಳೆಯದ ವಿಷಯವನ್ನು ಮೊದಲು ಕತ್ತರಿಸುವುದು ಲೆಕ್ಕ ಬಲ್ಲವರ ಸ್ವಭಾವ. ಬಾನೆಟ್ಟಿನ ಕೆಳಗಿನ ಹೊದಿಕೆ ದುಬಾರಿ ಮಾದರಿಯಲ್ಲಿ ಇದ್ದು, ಅದೇ ಕಾರಿನ ಅಗ್ಗದ ಮಾದರಿಯಲ್ಲಿ ಕ್ಲಿಪ್ಪಿನ ತೂತುಗಳು ಮಾತ್ರ ಉಳಿದಿರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಅಗ್ಗದ ಕಾರು ಕೊಂಡ ಮೇಲೆ ಇಷ್ಟೇ, ಸುಮ್ಮನೆ ಓಡಿಸಿ’ ಎನ್ನುವ ಇನ್ನೊಂದು ಪಂಗಡವೂ ಇದೆ. ಹಾಳೆ ಮಾರುವವರಿಗಿಂತ ಇವರು ಹೆಚ್ಚು ಅಪಾಯಕಾರಿ, ಯಾಕೆಂದರೆ ಇವರ ಮಾತು ವಿವೇಕದಂತೆ ಕೇಳಿಸುತ್ತದೆ. ಪುಟ್ಟ ಕಾರಿನೊಳಗೆ ಹೆದ್ದಾರಿಯ ವೇಗದಲ್ಲಿ ಇರುವ ಸದ್ದು 70 ಡೆಸಿಬೆಲ್ಲಿನ ಆಸುಪಾಸು. ಕೆಲಸದ ಜಾಗಕ್ಕೆ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಹಾಕಿರುವ ಮಿತಿ 8 ಗಂಟೆಗೆ 85, ಹಾಗಾಗಿ ಇದರಿಂದ ಯಾರೂ ಕಿವುಡರಾಗುವುದಿಲ್ಲ ಎಂಬುದು ಅವರ ವಾದ. ಸರಿ, ಕಿವುಡರಾಗುವುದಿಲ್ಲ. ಆದರೆ ಇದೇ ದೇಶದ 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲಿನಲ್ಲಿ ಹಾಕಿರುವ ಮಿತಿ 55. ದಿನಕ್ಕೆ ಹತ್ತು ಹನ್ನೆರಡು ಗಂಟೆ ಟ್ಯಾಕ್ಸಿ ಓಡಿಸುವವನಿಗೆ ಆ ಸೀಟೇ ವಸತಿ ಪ್ರದೇಶ. ಅವನು ಆ ಗುಂಯ್‌ನ ಮೇಲೆ ಫೋನಿನ ದಾರಿ ಹೇಳುವ ದನಿಯನ್ನು ಏರಿಸುತ್ತಾನೆ, ಅದರ ಮೇಲೆ ಹಾಡನ್ನು, ಹಾಡಿನ ಮೇಲೆ ಮನೆಯಿಂದ ಬಂದ ಕರೆಯನ್ನು. ಸಾಯಂಕಾಲಕ್ಕೆ ಅವನಿಗೆ ಬರುವ ಸಿಡುಕಿಗೆ ಸ್ವಭಾವ ಎಂದು ಹೆಸರಿಡುವುದು ಹಿಂದಿನ ಸೀಟಿನವರಿಗೆ ಸುಲಭ.

ಅವನಿಗೆ ಹೇಳಬಹುದಾದ, ಒಂದು ಪೈಸೆಯೂ ಖರ್ಚಿಲ್ಲದ ಮದ್ದು ಒಂದಿದೆ, ಅದನ್ನು ಯಾರೂ ಮಾರಲಾರರು. 100ರ ಬದಲು 80ರಲ್ಲಿ ಹೋದರೆ ಟೈರಿನ ಸದ್ದು ಸುಮಾರು 3 ಡೆಸಿಬೆಲ್ ಇಳಿಯುತ್ತದೆ, ಗಾಳಿಯದು ಅದಕ್ಕಿಂತ ಹೆಚ್ಚು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಸುಮಾರು 94 ಕಿ.ಮೀ. ಘಾಟಿ, ಲಾರಿಸಾಲು ಯಾವುದನ್ನೂ ಲೆಕ್ಕಕ್ಕೆ ಹಿಡಿಯದಿದ್ದರೂ ತಡವಾಗುವುದು 14 ನಿಮಿಷ. ಪೆಟ್ರೋಲ್ ಉಳಿದದ್ದು ಬೇರೆ. ಇದು ಪ್ರವಚನದಂತೆ ಕೇಳಿಸುವುದಾದರೆ ಕೇಳಿಸಲಿ, ಮೂವತ್ತು ಸಾವಿರದ ಹಾಳೆಯ ಪಕ್ಕದಲ್ಲಿ ಇಟ್ಟು ನೋಡಬೇಕಾದ ಅಂಕಿ ಇದೇ.

ಸ್ಪಂಜಿನ ಬಗ್ಗೆಯೂ ಒಂದು ಮಾತು. ಹಾಳೆ ದುಬಾರಿಯಾಯಿತು ಎಂದವರಿಗೆ ಅಂಗಡಿಯವರು ಕಪ್ಪು ಸ್ಪಂಜನ್ನು ತೋರಿಸುತ್ತಾರೆ. 100 ಹರ್ಟ್ಸಿನ ಗುಡುಗಿಗೆ ಅಲೆಯ ಉದ್ದ ಮೂರೂವರೆ ಮೀಟರಿನ ಹತ್ತಿರ. ಅಂಗುಲ ದಪ್ಪದ ಸ್ಪಂಜು ಅದರ ಎದುರು ಜಾತ್ರೆಯ ಆನೆಗೆ ಅಡ್ಡ ಹಿಡಿದ ಕೊಡೆ. ಮೇಲಿನ ಸ್ತರದ ಸುಂಯ್, ಚರಚರಗಳನ್ನು ಅದು ಒಂದಿಷ್ಟು ಹೀರುತ್ತದೆ, ಜೊತೆಗೆ ಮಳೆಗಾಲದಲ್ಲಿ ನೀರನ್ನೂ ಹೀರಿ ಬಾಗಿಲಿಗೆ ತುಕ್ಕು ಕೊಡುತ್ತದೆ. ಅದಕ್ಕಿಂತ ಡಿಕ್ಕಿಯಲ್ಲಿ ಸ್ಟೆಪ್ನಿಯ ಮೇಲೆ ಹಾಸಿದ ಹಳೆಯ ಕಂಬಳಿ ಲೇಸು. ಉಣ್ಣೆ ಒಳ್ಳೆಯ ಹೀರುಕ, ಒದ್ದೆಯಾದರೆ ತೆಗೆದು ಒಣಹಾಕಬಹುದು, ಜ್ಯಾಕು ಪಾನಾಗಳ ಕುಣಿತವೂ ನಿಲ್ಲುತ್ತದೆ. (ನವಲಗುಂದದ ಜಮಖಾನೆ ಇದ್ದವರು ದಯವಿಟ್ಟು ಅದನ್ನು ಮನೆಯಲ್ಲೇ ಇಡಲಿ.) ಟಾರಿನ ಅಗ್ಗದ ಹಾಳೆಯಂತೂ ಬೇಡವೇ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಮೆತ್ತಗಾಗಿ ವಾಸನೆ ಬಿಡಲು ಶುರು ಮಾಡಿದರೆ ಸದ್ದೇ ವಾಸಿ ಎನ್ನಿಸುತ್ತದೆ.

ಇಷ್ಟೆಲ್ಲ ಆದಮೇಲೂ ದುಡ್ಡು ಉಳಿದಿದ್ದರೆ, ಆಗ ಬ್ಯೂಟೈಲ್ ಹಾಳೆಗೆ ಅದರ ನ್ಯಾಯವಾದ ಜಾಗ ಇದೆ. ಮೊದಲನೆಯದು ಮಾಡು. ಪುಟ್ಟ ಕಾರಿನ ಮಾಡು ದೊಡ್ಡ, ತೆಳು, ಆಸರೆ ಕಡಿಮೆ ಇರುವ ತಗಡು. ಕರಾವಳಿಯ ಮಳೆ ಅದರ ಮೇಲೆ ಬಿದ್ದರೆ ಒಳಗೆ ಮಾತು ಸಾಧ್ಯವಿಲ್ಲ. ಅದು ಶುದ್ಧ ತಟ್ಟೆಯ ರೋಗ, ಹಿಟ್ಟಿನ ಉಂಡೆಯೇ ಅದಕ್ಕೆ ಮದ್ದು. ಎರಡನೆಯದು, ಹಾಡು ಕೇಳುವ ಹುಚ್ಚಿರುವವರಿಗೆ ಸ್ಪೀಕರ್ ಕೂತ ಬಾಗಿಲು. ಮಾಡಿನ ಅಂಚಿನಲ್ಲಿ ಏರ್‌ಬ್ಯಾಗಿನ ಪರದೆ ಇರುವ ಕಾರಾದರೆ ಅದರ ಹತ್ತಿರ ಕೈ ಹಾಕಬಾರದು. ಬಾಗಿಲಿನ ಕೆಳಗೆ ನೀರು ಹರಿದುಹೋಗುವ ಸಣ್ಣ ಕಿಂಡಿಗಳ ಮೇಲೆ ಹಾಳೆ ಬರಬಾರದು. ಪೂರ್ತಿ ಹಾಳೆ ಬೇಡ, ಕಮಾನುಗಳ ನಡುವೆ ಕಾಲು ಭಾಗ ಸಾಕು ಎಂದು ಕೆಲಸದವನ ಪಕ್ಕದಲ್ಲೇ ನಿಂತು ಹೇಳಬೇಕು, ಅವನು ಒಪ್ಪದಿದ್ದರೂ. ಮತ್ತು ಅದನ್ನು ಏಪ್ರಿಲ್‌ನಲ್ಲಿ ಮಾಡಿಸುವುದು ಒಳ್ಳೆಯದು: ತಗಡು ಬಿಸಿಯಾಗಿದ್ದಾಗ ಬ್ಯೂಟೈಲ್ ಮೆತ್ತಗಾಗಿ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಮಳೆ ಬರುವುದಕ್ಕೆ ಇನ್ನೂ ಒಂದೂವರೆ ತಿಂಗಳು ಇರುತ್ತದೆ.